ಗಣಕಯಂತ್ರದಲ್ಲಿ ವಂಶಾವಳಿ

ಮನೆತನದ ಚರಿತ್ರೆಯನ್ನು ಬರೆದಿಡಬೇಕೆಂಬ ಹಂಬಲವು ಸಾಮಾನ್ಯವಾಗಿ ಅರುವತ್ತು ದಾಟಿದ ಮೇಲೆ ಹುಟ್ಟತಕ್ಕದ್ದು. ಅದಕ್ಕೆ ಮುಂಚೆ ಮನೆತನವನ್ನು ನಡೆಯಿಸುವುದರಲ್ಲಿಯೇ ಹೊತ್ತು ಹೋಗುತ್ತದೆ. ಅದರ ಚರಿತ್ರೆಯನ್ನು ವಿಚಾರಿಸುವುದಕ್ಕೆ ಬಿಡುವಿರುವುದಿಲ್ಲ. ಬಿಡುವು ದೊರೆಯುವ ವೇಳೆಗೆ ಯಾರನ್ನು ವಿಚಾರಿಸಬೇಕೋ ಅವರು ಒಬ್ಬೊಬ್ಬರಾಗಿ ಹೊರಟುಹೋಗಿರುತ್ತಾರೆ. ನಮ್ಮ ಮನೆಯಲ್ಲಿ ಈಗ ಹಾಗೆ ಉಳಿದಿರುವವರು ನನ್ನ ಸೋದರತ್ತೆಯೊಬ್ಬರೇ. ಅವರಿಗೆ ಆಧಾರ್ ಚೀಟಿಯ ಲೆಕ್ಕದಂತೆ ಎಂಬತ್ತೆಂಟು, ಅವರದೇ ಲೆಕ್ಕದಂತೆ ತೊಂಬತ್ತೊಂದು. ಕಣ್ಣು ಮಂದವಾಗಿದೆ, ಕಿವಿ ಬೇಕಾದಾಗ ಕೇಳುತ್ತದೆ, ನೆನಪು ಮುಂಜಾನೆಯ ಹೊತ್ತು ನಿಚ್ಚಳವಾಗಿದ್ದು ಮಧ್ಯಾಹ್ನದ ಮೇಲೆ ಮೋಡ ಕವಿದಂತಾಗುತ್ತದೆ. ಆದುದರಿಂದ ಈ ಲೇಖನದ ವಿಷಯವಾದ ತಂತ್ರಾಂಶದ ಆಯ್ಕೆಯು ನನಗೆ ಹೊತ್ತು ಕಳೆಯುವ ವಿನೋದವಾಗಿರಲಿಲ್ಲ. ಅವರು ಹೇಳುತ್ತಿರುವುದನ್ನು ಎಲ್ಲಿ ಇಡಬೇಕು, ಇಟ್ಟದ್ದು ಎಷ್ಟು ಕಾಲ ಉಳಿದೀತು ಎಂಬುದೇ ಪ್ರಶ್ನೆಯಾಗಿತ್ತು.

ನಮಗಿದ್ದ ಲಿಖಿತ ಆಧಾರವೆಂದರೆ ಮುತ್ತಜ್ಜನು ತೊಡಗಿ ಅಜ್ಜನು ಮುಂದುವರಿಸಿದ ಒಂದು ಹೊತ್ತಗೆ ಮಾತ್ರ. ಕೆಂಪು ವಸ್ತ್ರದಲ್ಲಿ ಸುತ್ತಿ ದೇವರ ಮಾಡದಲ್ಲಿ ಇರಿಸಿದ್ದರು. ಅದರಲ್ಲಿ ಏಳು ತಲೆಯ ಗಂಡಸರ ಹೆಸರುಗಳು ಕ್ರಮವಾಗಿವೆ. ಹೆಂಗಸರ ವಿಷಯದಲ್ಲಿ ಮಾತ್ರ ಬರೆದವರು ಬಹಳ ಮಿತವ್ಯಯಿಗಳು. ಮಗಳು ಹುಟ್ಟಿದ ಕಡೆ ‘ಹೆಣ್ಣು ೧’ ಎಂದಿದೆ. ಇಬ್ಬರು ಹುಟ್ಟಿದ್ದರೆ ‘ಹೆಣ್ಣು ೨’. ಸೊಸೆ ಬಂದ ಕಡೆ ಊರಿನ ಹೆಸರುಂಟು, ಸೊಸೆಯ ಹೆಸರಿಲ್ಲ: ‘ಕೂಡ್ಲಿಗಿ ಕಡೆಯಿಂದ ತಂದದ್ದು’ ಎಂದು, ಎತ್ತನ್ನು ತಂದಂತೆ. ಒಂದು ಪುಟದಲ್ಲಿ ಒಂದೂವರೆ ಸಾಲಿಗೆ ದಟ್ಟವಾಗಿ ಮಸಿ ಬಳಿದಿದೆ. ಆ ಮಸಿಯ ವಿಚಾರ ಮುಂದೆ ಬರುತ್ತದೆ.

ಇತರ ಮನೆತನಗಳಿಗೆ ಈ ಕೆಲಸವನ್ನು ಹೆಳವರು ಮಾಡಿಕೊಡುತ್ತಿದ್ದರು. ನನ್ನ ಬಾಲ್ಯದಲ್ಲಿ ಸುಗ್ಗಿ ಮುಗಿದ ಮೇಲೆ ನಮ್ಮ ಓಣಿಯ ಒಕ್ಕಲು ಮನೆಗಳಿಗೆ ಹೆಳವನು ಎತ್ತಿನ ಮೇಲೆ ಕುಳಿತು ಬರುತ್ತಿದ್ದುದನ್ನು ನೋಡಿದ್ದೇನೆ. ಬಾಗಿಲಲ್ಲಿ ನಿಂತು ಮನೆಯ ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಏರುದನಿಯಲ್ಲಿ ಹೇಳಿ, ಹೊಸದಾಗಿ ಹುಟ್ಟಿದವರನ್ನು ತನ್ನ ಕಟ್ಟಿನಲ್ಲಿ ಬರೆದುಕೊಂಡು, ಕಾಳು ಬಟ್ಟೆಗಳನ್ನು ಪಡೆದು ಮುಂದಿನ ಊರಿಗೆ ಹೋಗುತ್ತಿದ್ದನು. ಮನೆಯವರಿಗಿಂತ ಮನೆಯನ್ನು ಚೆನ್ನಾಗಿ ಬಲ್ಲವನು ಆತ. ಕುಲ ಬಿಟ್ಟು ಊರು ಬಿಟ್ಟು ಹೋದವರ ಜಾಡನ್ನೂ ಹಿಡಿದು ಅಲ್ಲಿಗೂ ಹೋಗಿ ಬರೆದುಕೊಳ್ಳುವುದು ಅವರ ಪದ್ಧತಿ. ಆ ಒಂದು ಗುಣವನ್ನು ನಾನು ಕೊಳ್ಳುವ ಯಾವ ತಂತ್ರಾಂಶದಿಂದಲೂ ನಿರೀಕ್ಷಿಸುವಂತಿರಲಿಲ್ಲ.

ನನ್ನ ತಮ್ಮನ ಮಗನು ಬೆಂಗಳೂರಿನಿಂದ ಬಂದಾಗ ತಾನು ಬಳಸಿ ಬಿಟ್ಟ ಲ್ಯಾಪ್‌ಟಾಪನ್ನು ಕೊಟ್ಟು, ‘ದೊಡ್ಡಪ್ಪ, ಇದರಲ್ಲಿ ಬರೆಯಿರಿ, ಬೇಕಾದಷ್ಟು ಸಾಫ್ಟ್‌ವೇರುಗಳಿವೆ’ ಎಂದನು. ಬೇಕಾದಷ್ಟು ಇದ್ದುದೇ ತೊಡಕಾಯಿತು. ಮೊದಲು ತೀರ್ಮಾನವಾಗಬೇಕಾದದ್ದು ಅಂತರ್ಜಾಲದ ವೃಕ್ಷವೋ ಮನೆಯ ಯಂತ್ರದ ವೃಕ್ಷವೋ ಎಂಬುದು. ಮೈಹೆರಿಟೇಜ್, ೨೦೦೭ರಲ್ಲಿ ತೊಡಗಿದ ಜೆನಿ, ಫ್ಯಾಮಿಲಿಸರ್ಚ್ ಮೊದಲಾದವುಗಳಲ್ಲಿ ನಮ್ಮ ವಂಶವನ್ನು ಜಾಲದಲ್ಲಿಯೇ ನೆಟ್ಟು, ದೂರದಲ್ಲಿರುವ ಬಂಧುಗಳೂ ಬಂದು ನೀರೆರೆಯುವಂತೆ ಮಾಡಬಹುದು. ಅಮೆರಿಕದಲ್ಲಿರುವ ನನ್ನ ತಮ್ಮನ ಮಗಳಿಗೆ ಇದೇ ಬೇಕಾಗಿತ್ತು. ಅನುಕೂಲವಿಲ್ಲವೆಂದು ನಾನು ಹೇಳಲಾರೆ. ಆದರೆ ಫ್ಯಾಮಿಲಿಸರ್ಚಿನಂಥ ಏರ್ಪಾಡಿನಲ್ಲಿ ಲೋಕಕ್ಕೆಲ್ಲ ಒಂದೇ ಮರ. ನನ್ನ ಮುತ್ತಜ್ಜಿಯ ಹೆಸರನ್ನು ಯಾರೋ ಒಬ್ಬ ಉತ್ಸಾಹಿಯು ತಿದ್ದಿ ಮುಂದಕ್ಕೆ ಹೋಗಬಹುದು. ಇನ್ನು ಬದುಕಿರುವವರ ಜನ್ಮದಿನಗಳೂ ತಾಯಂದಿರ ತವರಿನ ಹೆಸರುಗಳೂ ಬ್ಯಾಂಕುಗಳು ಗುರುತಿಗಾಗಿ ಕೇಳುವ ಪ್ರಶ್ನೆಗಳಿಗೆ ಉತ್ತರಗಳೇ ಆಗಿರುತ್ತವೆ. ಅವನ್ನು ಪರರ ಅಂಗಳದಲ್ಲಿ ಒಣಹಾಕುವುದು ನನಗೆ ಸರಿದೋರಲಿಲ್ಲ. ೨೦೨೩ರ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯು ವ್ಯಕ್ತಿಯೊಬ್ಬನು ಸ್ವಂತ ಮನೆವಾರ್ತೆಗಾಗಿ ಇಟ್ಟುಕೊಳ್ಳುವ ವಿವರಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿರಿಸಿದೆಯಂತೆ. ಕಾಯಿದೆ ಹಿಡಿಯದಿದ್ದರೂ ಮರ್ಯಾದೆ ಹಿಡಿಯುತ್ತದೆಯಷ್ಟೆ. ಆದುದರಿಂದ ಮನೆಯ ಯಂತ್ರವೇ ಇರಲೆಂದು ನಿಶ್ಚಯಿಸಿದೆ.

ಈ ಜಾತಿಯ ತಂತ್ರಾಂಶಗಳ ಪೂರ್ವೋತ್ತರವನ್ನು ವಿಚಾರಿಸುವಾಗ ಒಂದು ಸ್ವಾರಸ್ಯವಾದ ಸಂಗತಿ ತಿಳಿದುಬಂದಿತು. ಇವಕ್ಕೆಲ್ಲ ಸಾಮಾನ್ಯವಾದ ಒಂದು ಲಿಪಿಕ್ರಮವನ್ನು ಹಾಕಿಕೊಟ್ಟವರು ಅಮೆರಿಕದ ಯೂಟಾ ಪ್ರಾಂತದ ಮಾರ್ಮನ್ ಪಂಥದವರು. ಗತಿಸಿದ ಪೂರ್ವಿಕರಿಗೂ ತಾವು ಸಂಸ್ಕಾರಗಳನ್ನು ಸಲ್ಲಿಸಬಹುದೆಂಬುದು ಅವರ ನಂಬಿಕೆ. ಸಲ್ಲಿಸಬೇಕಾದರೆ ಪೂರ್ವಿಕರು ಯಾರೆಂದು ಗೊತ್ತಿರಬೇಕಷ್ಟೆ. ಅದಕ್ಕಾಗಿ ೧೮೯೪ರಲ್ಲಿಯೇ ಒಂದು ವಂಶಾನ್ವೇಷಣ ಸಂಘವನ್ನು ಕಟ್ಟಿ, ದೇಶದೇಶಗಳ ದಾಖಲೆಗಳನ್ನು ಫಿಲ್ಮಿಗೆ ಇಳಿಸಿಕೊಂಡರು. ನಮ್ಮ ಹರಿದ್ವಾರದ ಪಂಡಾಗಳ ಬಹಿಗಳನ್ನೂ ಬಿಡಲಿಲ್ಲ. ಶ್ರಾದ್ಧದಲ್ಲಿ ತಂದೆ, ತಾತ, ಮುತ್ತಾತ ಎಂದು ಮೂರು ತಲೆಯನ್ನು ಹೆಸರಿಸಿ ಕರೆಯುವ ನಮ್ಮ ನಾಡಿನವರಿಗೆ ಈ ಶ್ರದ್ಧೆಯನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವಾಗಬಾರದು. ಅವರು ೧೯೮೪ರಲ್ಲಿ ಹೊರಡಿಸಿದ ಈ ಕ್ರಮಕ್ಕೆ ಜೆಡ್‌ಕಾಮ್ ಎಂದು ಹೆಸರು. ಒಂದು ತಂತ್ರಾಂಶದಲ್ಲಿ ಬರೆದ ವಂಶವನ್ನು ಮತ್ತೊಂದಕ್ಕೆ ಸಾಗಿಸುವುದು ಇದರ ಮೂಲಕವೇ.

ಈ ಜೆಡ್‌ಕಾಮ್ ಕಡತವನ್ನು ತೆರೆದು ನೋಡಿದರೆ ಅದು ಬರಿಯ ಅಕ್ಷರಗಳ ಪಟ್ಟಿ; ಯಾವ ಸಾಮಾನ್ಯ ಬರವಣಿಗೆಯ ತಂತ್ರಾಂಶದಲ್ಲಾದರೂ ಓದಬಹುದು. ಸಾಲಿನ ಮೊದಲಿಗೆ ಸೊನ್ನೆ, ಒಂದು, ಎರಡು ಎಂಬ ಅಂಕಿಗಳಿರುತ್ತವೆ. ಸೊನ್ನೆಯ ಸಾಲಿನಲ್ಲಿ ವ್ಯಕ್ತಿ. ಒಂದರ ಸಾಲಿನಲ್ಲಿ ಅವನ ಜನನ. ಎರಡರ ಸಾಲಿನಲ್ಲಿ ಆ ಜನನದ ದಿನ, ಸ್ಥಳ. ಕೆಳಗಿನ ಸಾಲು ಮೇಲಿನದರ ಅರ್ಥವನ್ನು ಎಳೆದುಕೊಂಡು ನಡೆಯುತ್ತದೆ. ಪಾಠಶಾಲೆಯಲ್ಲಿ ಅಷ್ಟಾಧ್ಯಾಯಿಯನ್ನು ಉರುಹಾಕಿದ ನನಗೆ ಇದು ಅನುವೃತ್ತಿಯಲ್ಲದೆ ಬೇರೇನೂ ಅಲ್ಲವೆಂದು ತೋರಿ, ಯಂತ್ರದ ಮೇಲಿದ್ದ ಅರ್ಧ ಭಯ ಅಂದೇ ಹೋಯಿತು.

ತಂತ್ರಾಂಶವನ್ನು ಆರಿಸುವವರು ಮೊದಲು ನೋಡತಕ್ಕದ್ದು ಅದರ ಚಿತ್ರವಿಚಿತ್ರ ನಕ್ಷೆಗಳನ್ನಲ್ಲ. ಹೊರಗೆ ಬರುವ ಬಾಗಿಲನ್ನು. ಮಾರ್ಮನರೇ ಉಚಿತವಾಗಿ ಹಂಚುತ್ತಿದ್ದ ಪರ್ಸನಲ್ ಆನ್ಸೆಸ್ಟ್ರಲ್ ಫೈಲ್ ಎಂಬ ತಂತ್ರಾಂಶವನ್ನು ಅಸಂಖ್ಯಾತ ಮನೆಗಳವರು ನೆಚ್ಚಿಕೊಂಡಿದ್ದರು. ೨೦೧೩ರ ಜುಲೈ ೧೫ರಂದು ಅದರ ಹಂಚಿಕೆ ನಿಂತಿತು. ಫ್ಯಾಮಿಲಿ ಟ್ರೀ ಮೇಕರ್ ಎಂಬ ಪ್ರಸಿದ್ಧ ತಂತ್ರಾಂಶದ ಮಾರಾಟವನ್ನು ನಿಲ್ಲಿಸುವುದಾಗಿ ಅದರ ಒಡೆಯರು ೨೦೧೫ರ ಡಿಸೆಂಬರಿನಲ್ಲಿ ಪ್ರಕಟಿಸಿದರು. ೨೦೧೬ರಲ್ಲಿ ಬೇರೊಂದು ಸಂಸ್ಥೆಯು ಕೊಂಡದ್ದರಿಂದ ಅದು ಬದುಕಿತು. ತಾಳೆಗರಿ ಇನ್ನೂರು ಮುನ್ನೂರು ವರುಷ ಬಾಳುತ್ತದೆ. ಇವುಗಳ ಆಯುಸ್ಸು ಕಂಪನಿಯ ಲಾಭನಷ್ಟವನ್ನು ಅವಲಂಬಿಸಿದೆ. ಜೆಡ್‌ಕಾಮಿನಲ್ಲಿ ಹೊರಗೆ ತೆಗೆದಿಟ್ಟವರು ಮಾತ್ರ ಎರಡು ಸಲವೂ ನಿಶ್ಚಿಂತರಾಗಿದ್ದರು.

ಕನ್ನಡದ ಮಾತು. ಹಿಂದಿನ ಜೆಡ್‌ಕಾಮಿನ ಅಕ್ಷರಸಂಕೇತದಲ್ಲಿ ಕನ್ನಡಕ್ಕೆ ಎಡೆಯಿರಲಿಲ್ಲ. ೧೯೯೧ರ ಯೂನಿಕೋಡಿನಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ ೧೯೯೯ರ ೫.೫.೧ ಎಂಬ ಆವೃತ್ತಿಯಲ್ಲಿ ಅದಕ್ಕೆ ಇಲ್ಲಿ ದಾರಿ ಸುಗಮವಾಯಿತು. ೨೦೨೧ರ ಏಳನೆಯ ಆವೃತ್ತಿಯಂತೂ ಬೇರೆ ಸಂಕೇತವನ್ನು ಒಪ್ಪುವುದೇ ಇಲ್ಲ. ನಮ್ಮ ದಾಯಾದಿಯೊಬ್ಬರು ಹಿಂದೆ ಹಳೆಯ ಸಂಕೇತದ ಕನ್ನಡ ಅಕ್ಷರಗಳಲ್ಲಿ ಟಂಕಿಸಿದ್ದ ಪಟ್ಟಿಯು ನನ್ನ ಯಂತ್ರಕ್ಕೆ ಬಂದಾಗ ಕಾಗೆ ಗುಬ್ಬಿಗಳ ಕಾಲಗುರುತಾಗಿ ಕಂಡಿತು. ಪರಿವರ್ತಕವನ್ನು ಹಾಕಿ ಸರಿಪಡಿಸಿಕೊಳ್ಳಬೇಕಾಯಿತು. ನಾನು ಮೊದಲು ಪರೀಕ್ಷಿಸಿದ ಒಂದು ತಂತ್ರಾಂಶವು ತೆರೆಯ ಮೇಲೆ ಕನ್ನಡವನ್ನು ಸೊಗಸಾಗಿ ತೋರಿಸಿ, ಮುದ್ರಿಸುವಾಗ ಮಾತ್ರ ಒತ್ತಕ್ಷರಗಳನ್ನೆಲ್ಲ ಬಿಡಿಸಿ ಸಾಲಾಗಿ ನಿಲ್ಲಿಸಿತು. ‘ಮರುಳಸಿದ್ಧಯ್ಯ’ ಎಂಬುದರಲ್ಲಿ ಒತ್ತುಗಳನ್ನು ಕಳೆದರೆ ಉಳಿಯುವುದನ್ನು ಕಂಡು ಅತ್ತೆಯವರು ‘ಇದು ಯಾರ ಹೆಸರು?’ ಎಂದರು. ಅದನ್ನು ಅಲ್ಲಿಗೇ ಕೈಬಿಟ್ಟೆ.

ಹೆಸರಿನ ವಿಷಯವು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಉಜ್ಜಿನಿಯು ಪಂಚಪೀಠಗಳಲ್ಲಿ ಒಂದಾದ ಸದ್ಧರ್ಮಪೀಠದ ಸ್ಥಳ, ಊರದೇವರು ಮರುಳಸಿದ್ಧೇಶ್ವರ. ಹೀಗಾಗಿ ಮನೆಗೊಬ್ಬ ಮರುಳಸಿದ್ಧನಿಲ್ಲದಿದ್ದರೆ ಆಶ್ಚರ್ಯ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ವಾಡಿಕೆಯಾದುದರಿಂದ ನಮ್ಮ ಏಳು ತಲೆಯಲ್ಲಿ ಮರುಳಸಿದ್ಧಯ್ಯರು ಐವರು. ಪಾಶ್ಚಾತ್ಯ ತಂತ್ರಾಂಶಗಳು ಮೊದಲು ಕೇಳುವುದು ಕುಲನಾಮವನ್ನು. ನಮಗೆ ಅದು ಇಲ್ಲ. ಹೆಸರಿನ ಮುಂದೆ ಊರು, ಮನೆ, ತಂದೆಯ ಗುರುತಿನ ಅಕ್ಷರಗಳುಂಟು. ಆ ಜಾಗವನ್ನು ಬರಿದಾಗಿ ಬಿಡಲೊಪ್ಪದ ತಂತ್ರಾಂಶಗಳನ್ನು ನಾನು ಒಪ್ಪಲಿಲ್ಲ. ಕೊನೆಗೆ ಆರಿಸಿಕೊಂಡದ್ದರಲ್ಲಿ ‘ಒಬ್ಬರೇ ಇಬ್ಬರಾಗಿ ಸೇರಿರಬಹುದೇ’ ಎಂದು ಹುಡುಕಿ ತೋರಿಸುವ ಒಂದು ಉಪಕರಣವಿದೆ. ಅದು ಅಜ್ಜಂದಿರನ್ನೂ ಮೊಮ್ಮಕ್ಕಳನ್ನೂ ಸಾಲಾಗಿ ನಿಲ್ಲಿಸಿ ಇವರು ಒಬ್ಬರೇ ಇರಬೇಕೆಂದು ಸಂಶಯಪಟ್ಟಿತು. ಮೊಮ್ಮಗನಿಗೆ ಆ ಹೆಸರನ್ನಿಟ್ಟವರ ಅಭಿಪ್ರಾಯವೂ ಅದೇ ಆಗಿದ್ದಿತೆಂದು ಅದಕ್ಕೆ ಹೇಗೆ ತಿಳಿಯಬೇಕು!

ಹೀಗೆ ಆರಿಸಿಕೊಂಡ ತಂತ್ರಾಂಶದ ಹೆಸರು ಗ್ರಾಂಪ್ಸ್. ಇಂಗ್ಲಿಷಿನ ಮನೆಮಾತಿನಲ್ಲಿ ಅದಕ್ಕೆ ಅಜ್ಜನೆಂದೇ ಅರ್ಥ. ೨೦೦೧ರಲ್ಲಿ ತೊಡಗಿ ೨೦೦೪ರಲ್ಲಿ ಅದರ ಮೊದಲ ಸ್ಥಿರ ಆವೃತ್ತಿ ಹೊರಬಂದಿತು. ಸ್ವಯಂಸೇವಕರು ಕಟ್ಟಿದ ಮುಕ್ತ ತಂತ್ರಾಂಶ. ಬೆಲೆಯಿಲ್ಲ, ಒಡೆಯನೊಬ್ಬನು ಬಾಗಿಲು ಮುಚ್ಚಿಕೊಂಡು ಹೋಗುವ ಭಯವೂ ಕಡಮೆ. ನೋಟಕ್ಕೆ ಅಂಥ ಚೆಲುವಲ್ಲ. ಕಲಿಯುವುದಕ್ಕೆ ಒಂದು ತಿಂಗಳು ಹಿಡಿಯಿತು. ಆದರೆ ಇದನ್ನು ಆರಿಸಿದ ಕಾರಣ ಬೆಲೆಯಲ್ಲ. ಹೊಸ ವಿದ್ಯಾರ್ಥಿಯನ್ನು ಪರೀಕ್ಷಿಸುವಾಗ ಸುಲಭವಾದ ರಾಮಶಬ್ದವನ್ನು ಕೇಳದೆ ತೊಡಕಿನದೊಂದನ್ನು ಕೇಳುವಂತೆ, ನಮ್ಮ ಮನೆತನದ ಗಂಟುಗಳನ್ನೇ ಪ್ರತಿಯೊಂದು ತಂತ್ರಾಂಶದ ಮುಂದೂ ಇಟ್ಟೆ. ಉಳಿದವು ತಡವರಿಸಿದ ಕಡೆ ಇದು ನಿಂತಿತು.

ಮೊದಲ ಗಂಟು ಸೋದರಸಂಬಂಧದ್ದು. ನನ್ನ ಅಜ್ಜನ ತಮ್ಮನು ತನ್ನ ಅಕ್ಕನ ಮಗಳನ್ನೇ ಮದುವೆಯಾದನು. ನಮ್ಮ ಸೀಮೆಯಲ್ಲಿ ಇದು ಯಾರೂ ತಿರುಗಿ ನೋಡುವ ಸಂಗತಿಯಲ್ಲ. ಬೌಧಾಯನನು ಸೋದರಮಾವನ ಮಗಳನ್ನೂ ಸೋದರತ್ತೆಯ ಮಗಳನ್ನೂ ವರಿಸುವುದನ್ನು ದಕ್ಷಿಣದವರ ಆಚಾರವೆಂದು ಎಣಿಸಿದ್ದಾನೆ. ಅಕ್ಕನ ಮಗಳನ್ನು ತರುವ ಈ ಪದ್ಧತಿ ಅದಕ್ಕೂ ಒಂದು ಹೆಜ್ಜೆ ಮುಂದಿನದು. ೧೯೫೫ರ ಹಿಂದೂ ವಿವಾಹದ ಕಾಯಿದೆಯು ತಂದೆಯ ಕಡೆ ಐದು ತಲೆ, ತಾಯಿಯ ಕಡೆ ಮೂರು ತಲೆಯ ಸಪಿಂಡರಲ್ಲಿ ಮದುವೆಯನ್ನು ನಿಷೇಧಿಸಿಯೂ ರೂಢಿಯಿದ್ದಲ್ಲಿ ಬಿಟ್ಟುಕೊಟ್ಟಿತು. ಕಲ್ಯಾಣದಲ್ಲಿ ಕುಳಿತು ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಸಪಿಂಡತ್ವಕ್ಕೆ ಒಂದೇ ಶರೀರದ ಅವಯವಗಳ ಅನ್ವಯವೇ ಕಾರಣವೆಂದು ಹೇಳಿದ್ದಾನೆ. ಆತನ ನಾಡಿನವರೇ ಆತನ ಎಣಿಕೆಯನ್ನು ಮೀರಿ ನಡೆದದ್ದು ಚರಿತ್ರೆಯ ವಿನೋದ. ಅದು ಹಾಗಿರಲಿ. ಈ ಮದುವೆಯಿಂದ ಏನಾಗುತ್ತದೆಂದರೆ, ಆ ಅಕ್ಕನು ತಮ್ಮನಿಗೆ ಅಕ್ಕನೂ ಹೌದು, ಅತ್ತೆಯೂ ಹೌದು. ಅವನ ಮಕ್ಕಳಿಗೆ ಸೋದರತ್ತೆಯೂ ಹೌದು, ತಾಯಿಯ ತಾಯಿಯೂ ಹೌದು. ಮಕ್ಕಳು ತಂದೆಯ ದಾರಿಯಲ್ಲಿ ಎಣಿಸಿದರೆ ಆರನೆಯ ತಲೆ, ತಾಯಿಯ ದಾರಿಯಲ್ಲಿ ಎಣಿಸಿದರೆ ಏಳನೆಯದು. ಒಂದು ತಂತ್ರಾಂಶವು ಇದನ್ನು ಕಂಡೊಡನೆ ಕೆಂಪು ಗುರುತು ತೋರಿಸಿ ‘ಪರಿಶೀಲಿಸಿರಿ’ ಎಂದಿತು. ಇನ್ನೊಂದು ಆಕೆಯನ್ನು ಎರಡು ಕಡೆ ಬರೆದು ಎರಡು ಜೀವವೆಂದು ಲೆಕ್ಕ ಹಾಕಿತು. ಗ್ರಾಂಪ್ಸಿನಲ್ಲಿರುವ ಸಂಬಂಧಚಿತ್ರ ಮಾತ್ರ ಆಕೆಯನ್ನು ಒಂದೇ ಚೌಕದಲ್ಲಿ ಕೂರಿಸಿ, ಗೆರೆಗಳನ್ನು ಬಳಸಿ ತಂದು ಕೂಡಿಸಿತು. ಮರವೆಂದರೆ ಕೊಂಬೆಗಳು ಅಗಲುತ್ತಲೇ ಹೋಗಬೇಕೆಂದು ಅವರ ಎಣಿಕೆ. ನಮ್ಮದು ಆಲದ ಮರ. ಬಿಳಲುಗಳು ತಿರುಗಿ ನೆಲಕ್ಕೆ ಇಳಿಯುತ್ತವೆ.

ಆದರೆ ಬಂಧುತ್ವದ ಹೆಸರುಗಳಲ್ಲಿ ಈ ಅಜ್ಜನೂ ಸೋತನು. ನಾನು ಹಾಕಿಕೊಂಡ ಇಂಗ್ಲಿಷ್ ರೂಪದಲ್ಲಿ ಇಬ್ಬರ ಸಂಬಂಧವೇನೆಂದು ಕೇಳಿದರೆ ಚಿಕ್ಕಪ್ಪನ ಮಗಳನ್ನೂ ಸೋದರಮಾವನ ಮಗಳನ್ನೂ ‘ಕಸಿನ್’ ಎಂಬ ಒಂದೇ ಚೀಲಕ್ಕೆ ತುಂಬುತ್ತಾನೆ. ಒಬ್ಬಳು ತಂಗಿ, ಇನ್ನೊಬ್ಬಳು ಮದುವೆಗೆ ಯೋಗ್ಯಳಾದವಳು. ಈ ಭೇದ ಅಳಿಸಿದರೆ ನಮ್ಮ ಕಡೆ ಮನೆಗಳೇ ನಿಲ್ಲುವುದಿಲ್ಲ. ನಾನು ಆ ಉಪಕರಣವನ್ನು ಮುಚ್ಚಿಟ್ಟು, ಸಂಬಂಧವನ್ನು ಟಿಪ್ಪಣಿಯಲ್ಲಿ ಕನ್ನಡದಲ್ಲಿಯೇ ಬರೆಯುತ್ತಿದ್ದೇನೆ.

ಎರಡನೆಯದು ಮಠಕ್ಕೆ ಮರಿಯಾಗಿ ಹೋದವನದು. ಮುತ್ತಜ್ಜನ ಕಡೆಯ ತಮ್ಮನನ್ನು ಎಂಟನೆಯ ವಯಸ್ಸಿನಲ್ಲಿ ಒಂದು ಮಠಕ್ಕೆ ಒಪ್ಪಿಸಿದರು. ಅಲ್ಲಿ ಅವನಿಗೆ ಹೊಸ ಹೆಸರು, ಗುರುವೇ ತಂದೆ, ಪೂರ್ವಾಶ್ರಮವನ್ನು ಎತ್ತಬಾರದು. ಯಂತ್ರವಾದರೋ ತಂದೆತಾಯಿಗಳನ್ನು ಕೇಳುತ್ತದೆ. ಕಾಶಿಕಾವೃತ್ತಿಯಲ್ಲಿ ವಂಶವು ವಿದ್ಯೆಯಿಂದ ಒಂದು ಬಗೆ, ಜನ್ಮದಿಂದ ಒಂದು ಬಗೆ ಎಂದು ಹೇಳಿದೆ. ಯೂಟಾದವರಿಗೆ ಎರಡನೆಯದು ಮಾತ್ರ ಗೊತ್ತಿದ್ದಂತಿದೆ. ಆದರೂ ಗ್ರಾಂಪ್ಸಿನಲ್ಲಿ ಹುಟ್ಟುಹೆಸರಿನ ಜತೆಗೆ ಬೇರೊಂದು ಹೆಸರನ್ನೂ, ರಕ್ತಸಂಬಂಧವಲ್ಲದ ನಂಟನ್ನೂ ನಮೂದಿಸಲು ಅವಕಾಶವಿದೆ. ಅಲ್ಲಿ ‘ಗುರು’ ಎಂದು ಬರೆದು, ಆ ದಾಖಲೆಗೆ ಬೀಗದ ಗುರುತು ಹಾಕಿದೆ. ಬೀಗ ಹಾಕಿದವು ನಮ್ಮ ಯಂತ್ರದಲ್ಲಿ ಕಾಣುತ್ತವೆ. ಪರರಿಗೆ ಕೊಡುವ ಪ್ರತಿಯನ್ನು ತೆಗೆಯುವಾಗ ಅವನ್ನು ಹೊರಗಿಡುವಂತೆ ಹೇಳಬಹುದು.

ಕಾಲದ ಗೊಂದಲವನ್ನು ಏನೆಂದು ಹೇಳಲಿ! ತಂತ್ರಾಂಶಕ್ಕೆ ಯೆಹೂದ್ಯರ, ಪಾರಸೀಕರ, ಇಸ್ಲಾಮಿನ ಪಂಚಾಂಗಗಳು ಗೊತ್ತು. ಫ್ರಾನ್ಸಿನ ಕ್ರಾಂತಿಕಾರರು ಹನ್ನೆರಡು ಹದಿಮೂರು ವರುಷ ನಡೆಯಿಸಿ ಬಿಟ್ಟ ಪಂಚಾಂಗವೂ ಗೊತ್ತು. ಶಾಲಿವಾಹನ ಶಕವೂ ಅರುವತ್ತು ಸಂವತ್ಸರಗಳೂ ಗೊತ್ತಿಲ್ಲ. ಅತ್ತೆಯವರು ‘ನಮ್ಮ ಅಜ್ಜಿ ಧಾತು ಬರದಾಗ ತೊಟ್ಟಿಲ ಕೂಸು’ ಎನ್ನುತ್ತಾರೆ. ಧಾತು ಸಂವತ್ಸರವು ೧೮೭೬ರಲ್ಲಿ ಬಂದಿತು, ೧೯೩೬ರಲ್ಲಿಯೂ ೧೯೯೬ರಲ್ಲಿಯೂ ಬಂದಿತು. ಆದರೆ ಧಾತು, ಈಶ್ವರ ಎರಡೂ ವರುಷ ಬಳ್ಳಾರಿ ಸೀಮೆಯನ್ನು ಬರಿದುಮಾಡಿದ ಆ ಬರವು ಒಂದೇ. ಹೀಗೆ ಬರದಿಂದ ಸಂವತ್ಸರವನ್ನೂ, ೧೯೧೮ರ ಕಾಳಯುಕ್ತಿಯ ಇನ್‌ಫ್ಲುಯೆಂಜಾದಿಂದ ಸಾವುಗಳನ್ನೂ, ಬೇಸಗೆಯಲ್ಲಿ ಗುಡಿಯ ಶಿಖರಕ್ಕೆ ಎಣ್ಣೆಯೆರೆಯುವ ತೈಲಾಭಿಷೇಕದಿಂದಲೂ ಕೊಟ್ಟೂರು ತೇರಿನಿಂದಲೂ ತಿಂಗಳುಗಳನ್ನೂ ಹಿಡಿದು, ‘ಸುಮಾರು’ ಎಂಬ ಗುರುತಿನೊಡನೆ ಬರೆದೆ. ಅವರ ಮಾತನ್ನು ಮಾತ್ರ ಇದ್ದಂತೆಯೇ ಪಕ್ಕದಲ್ಲಿ ಇಟ್ಟಿದ್ದೇನೆ; ಮುಂದೆ ಯಾರಾದರೂ ನನ್ನ ಲೆಕ್ಕವನ್ನು ಪರೀಕ್ಷಿಸಲಿ.

ಆಧಾರಗಳಿಗೆ ಬೆಲೆ ಕಟ್ಟುವ ಒಂದು ಏರ್ಪಾಡೂ ಇದರಲ್ಲಿದೆ: ಅತಿ ಕಡಮೆ, ಕಡಮೆ, ಸಾಧಾರಣ, ಹೆಚ್ಚು, ಅತಿ ಹೆಚ್ಚು ಎಂದು. ಶಾಲೆಯ ದಾಖಲಾತಿ ಪುಸ್ತಕಕ್ಕೆ ನಾನು ‘ಕಡಮೆ’ ಎಂದು ಹಾಕಿದ್ದನ್ನು ಕಂಡು ತಮ್ಮನ ಮಗನು ಬೆರಗಾದನು. ಉಪಾಧ್ಯಾಯರ ವೃತ್ತಿಯಲ್ಲಿದ್ದವರಿಗೆ ಇದರ ಮರ್ಮ ತಿಳಿದದ್ದೇ. ಹಿಂದಿನ ಕಾಲದಲ್ಲಿ ಹುಡುಗನನ್ನು ಕರೆತಂದರೆ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿಯನ್ನು ಮುಟ್ಟಿಸುತ್ತಿದ್ದರು. ಮುಟ್ಟಿದರೆ ಅವನು ಶಾಲೆಗೆ ತಕ್ಕವನು. ಹುಟ್ಟಿದ ದಿನವನ್ನು ಕೇಳಿದರೆ ತಂದೆಯು ಜೋಳ ಕೊಯ್ಯುವಾಗ ಎನ್ನುವನು. ಉಪಾಧ್ಯಾಯರು ಜೂನ್ ೧ ಎಂದು ಬರೆದು ಮುಗಿಸುವರು. ಈ ನಾಡಿನಲ್ಲಿ ನನ್ನ ವಯಸ್ಸಿನ ಗಂಡಸರಲ್ಲಿ ಎಷ್ಟು ಮಂದಿ ಜೂನ್ ೧ರಂದು ಹುಟ್ಟಿದ್ದಾರೆಂಬುದನ್ನು ಪಿಂಚಣಿಯ ಕಚೇರಿಯವರು ಹೇಳಬಲ್ಲರು. ಅತ್ತೆಯವರ ಮಾತಿಗೆ, ಅದು ಮುಂಜಾನೆ ಆಡಿದ ಮಾತಾಗಿದ್ದರೆ, ‘ಹೆಚ್ಚು’ ಎಂದು ಹಾಕಿದ್ದೇನೆ.

ಸ್ಥಳದ ವಿಷಯದಲ್ಲಿ ನಮ್ಮ ಊರು ಕದಲದೆಯೇ ಬಹಳ ಸಂಚಾರ ಮಾಡಿದೆ. ಅಜ್ಜನು ಹುಟ್ಟಿದಾಗ ಉಜ್ಜಿನಿಯು ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ೧೯೫೩ರ ಅಕ್ಟೋಬರ್ ೧ರಂದು ಮೈಸೂರಿಗೆ ಸೇರಿತು. ೧೯೭೩ರಲ್ಲಿ ಆ ಮೈಸೂರಿಗೇ ಕರ್ನಾಟಕವೆಂದು ಹೆಸರಾಯಿತು. ಕೂಡ್ಲಿಗಿ ತಾಲ್ಲೂಕಿನಿಂದ ಕೊಟ್ಟೂರಿಗೆ ಬಂದು, ೨೦೨೧ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ನೆರೆಯ ಹರಪನಹಳ್ಳಿಯು ೧೯೯೭ರಲ್ಲಿ ದಾವಣಗೆರೆಗೆ ಹೋಗಿ ತಿರುಗಿ ಬಂದದ್ದು ಬೇರೆ. ಊರು ಒಂದೇ, ಅದನ್ನು ಒಳಗೊಂಡದ್ದು ಮಾತ್ರ ಇಂಥ ದಿನದಿಂದ ಇಂಥ ದಿನದವರೆಗೆ ಬೇರೆ ಎಂದು ಬರೆಯಲು ಇಲ್ಲಿ ಎಡೆಯಿದೆ.

ಇನ್ನು ಮಸಿಯ ವಿಚಾರ.

ಅಜ್ಜನ ಅಣ್ಣನಿಗೆ ಮದುವೆಯ ಮಡದಿಯಲ್ಲಿ ಮಕ್ಕಳಾಗಲಿಲ್ಲ. ‘ನಿಸ್ಸಂತಾನನಾದ ಕಾರಣ’ ಎಂದು ಬರೆಯಿಸಿ ನನ್ನ ತಂದೆಯ ಅಣ್ಣನನ್ನು ದತ್ತಕ್ಕೆ ತೆಗೆದುಕೊಂಡನು. ಹೊತ್ತಗೆಯಲ್ಲಿ ಅದಕ್ಕೆ ಮೇಲಿನ ಒಂದೂವರೆ ಸಾಲಿಗೇ ಮಸಿ ಬಳಿದಿರುವುದು. ಒಂದು ಮುಂಜಾನೆ ನಾನು ಹೆಂಗಸರ ಹೆಸರುಗಳನ್ನು ಕೇಳಿ ಬರೆದುಕೊಳ್ಳುತ್ತಿದ್ದಾಗ ಅತ್ತೆಯವರು, ಕೇಳದೆಯೇ, ‘ಹರಪನಹಳ್ಳಿ ಕಡೆಯಾಕಿಯನ್ನು ಬರೆದೆಯಾ?’ ಎಂದರು. ದೊಡ್ಡಜ್ಜನಿಗೆ ಅಲ್ಲೊಂದು ಸಂಸಾರವಿತ್ತು. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಮೂವರ ಹೆಸರುಗಳೂ ತಾಯಿಯ ಹೆಸರೂ ಅತ್ತೆಯವರಿಗೆ ಬಾಯಿಪಾಠ. ಚಿಕ್ಕವಳಿದ್ದಾಗ ತೇರಿನಲ್ಲಿ ಆಕೆಯು ತಮಗೆ ಬೆಂಡು ಬತ್ತಾಸು ಕೊಡಿಸಿದ್ದಳೆಂದೂ, ಮನೆಗೆ ಬಂದು ಹೇಳಿದ್ದಕ್ಕೆ ಏಟು ತಿಂದೆನೆಂದೂ ಹೇಳಿದರು. ಎಂಬತ್ತು ವರುಷಗಳ ಮೇಲೆ ಆ ಏಟಿನ ನ್ಯಾಯಾನ್ಯಾಯವನ್ನು ಅವರು ನನ್ನ ಮುಂದೆ ಇಟ್ಟಂತಿತ್ತು.

ತಂತ್ರಾಂಶಕ್ಕೆ ಇದರಲ್ಲಿ ಯಾವ ಸಂಕೋಚವೂ ಇಲ್ಲ. ಗಂಡುಹೆಣ್ಣುಗಳ ಸಂಬಂಧವನ್ನು ವಿವಾಹಿತ, ಅವಿವಾಹಿತ, ಅಜ್ಞಾತ ಎಂದು ಕೇಳಿ, ಮಕ್ಕಳಿಗೆ ಜಾಗ ಕೊಡುತ್ತದೆ. ದತ್ತು ಹೋದವನಿಗೆ ಹೆತ್ತವರನ್ನೂ ಪಡೆದವರನ್ನೂ ಇಬ್ಬರನ್ನೂ ತೋರಿಸುತ್ತದೆ. ಸಂಕೋಚವಿದ್ದದ್ದು ಮನುಷ್ಯರಿಗೆ. ದತ್ತು ಹೋದ ದೊಡ್ಡಪ್ಪನ ಮೊಮ್ಮಗನು ಕಾನೂನು ಬಲ್ಲವನು. ಸಂಗತಿ ಕೇಳಿ ಬಂದು, ಇದನ್ನು ಬರೆಯಕೂಡದೆಂದನು. ನಿಸ್ಸಂತಾನನೆಂಬ ಮಾತಿನ ಮೇಲೆ ತನ್ನ ಅಜ್ಜನ ದತ್ತಕವು ನಿಂತಿದೆ. ನಾಳೆ ಯಾರಾದರೂ ಹೊಲ ಕೇಳಿದರೆ? ಆ ಹೊಲಗಳು ೧೯೭೪ರ ಭೂಸುಧಾರಣೆಯಲ್ಲಿಯೇ ಗೇಣಿದಾರರ ಪಾಲಾದದ್ದನ್ನು ನಾನು ನೆನಪಿಸಿದೆ. ಕೇಳುವುದಕ್ಕೆ ಒಂದು ಗುಂಟೆಯೂ ಉಳಿದಿಲ್ಲ. ಹಾಗಾದರೆ ಮಾನ? ಎಂದನು. ಯಾರ ಮಾನ ಎಂದು ನಾನು ಕೇಳಲಿಲ್ಲ. ಅವನಿಗೂ ಅದು ಹೊಳೆದಿತ್ತೆಂದು ಮುಖದಿಂದ ತಿಳಿಯಿತು. ‘ಹಿರಿಯರು ಅಳಿಸಿದ್ದನ್ನು ನಾವು ಯಾಕೆ ಬರೆಯಬೇಕು?’ ಎಂಬುದು ಅವನ ಕಡೆಯ ಮಾತು. ಅದು ಹಗುರವಾದ ಮಾತಲ್ಲ. ಅದಕ್ಕೆ ನಾನು ಎರಡು ದಿನ ಉತ್ತರ ಕೊಡಲಿಲ್ಲ.

ಬೃಹದಾರಣ್ಯಕದ ಕೊನೆಯಲ್ಲಿ ಗುರುಪರಂಪರೆಯ ಒಂದು ಉದ್ದನೆಯ ವಂಶವಿದೆ. ಪಾಠಶಾಲೆಯಲ್ಲಿ ನಾವು ಅದನ್ನು ಬೇಸರದಿಂದ ಹೇಳುತ್ತಿದ್ದೆವು. ಅಲ್ಲಿಯ ಋಷಿಗಳಲ್ಲಿ ಬಹುಮಂದಿಯ ಹೆಸರುಗಳು ತಾಯಂದಿರಿಂದ ಬಂದವು: ಪೌತಿಮಾಷಿಯ ಮಗ, ಕಾತ್ಯಾಯನಿಯ ಮಗ, ಗೌತಮಿಯ ಮಗ ಎಂದು. ಅವರ ತಂದೆಯರು ಯಾರೆಂದು ಉಪನಿಷತ್ತು ಕೇಳುವುದೇ ಇಲ್ಲ. ನಮ್ಮ ಹೊತ್ತಗೆಗಿಂತ ಆ ವಂಶವೇ ನನಗೆ ಹಿರಿಯದು. ಬರೆಯುವುದೆಂದು ನಿಶ್ಚಯಿಸಿ ದಾಯಾದಿಗೆ ಹೇಳಿದೆ. ಆದರೆ ಬದುಕಿರುವವರನ್ನು ಕೇಳದೆ ಬರೆಯುವುದು ಉಚಿತವಲ್ಲವೆಂದು, ಆ ಮನೆಯ ಈಗಿನವರನ್ನು ಹುಡುಕಿಸಿ ಒಂದು ಕಾಗದ ಬರೆದೆ. ಹೆಳವನಿದ್ದಿದ್ದರೆ ಅವನೇ ಹೋಗಿ ಬರುತ್ತಿದ್ದನು. ಹದಿನೈದು ದಿನಗಳ ಮೇಲೆ ಉತ್ತರ ಬಂದಿತು. ಬರೆದವಳು ಆ ಮನೆಯ ಮೊಮ್ಮಗಳು, ಶಾಲೆಯ ಶಿಕ್ಷಕಿ, ಅಕ್ಷರ ದುಂಡಗಿದೆ. ಬರೆಯಿರಿ, ಆದರೆ ಅಜ್ಜಿಯ ಹೆಸರನ್ನು ಪೂರ್ತಿಯಾಗಿ ಬರೆಯಿರಿ, ‘ಇಟ್ಟುಕೊಂಡವಳು’ ಎಂಬ ಮಾತು ಎಲ್ಲಿಯೂ ಬೇಡ ಎಂದಿದ್ದಳು. ಸಂಬಂಧದ ಜಾಗದಲ್ಲಿ ಏನು ಹಾಕಬೇಕೆಂದು ಅತ್ತೆಯವರನ್ನು ಕೇಳಿದೆ. ‘ಮೂವತ್ತು ವರುಷ ಅಡುಗೆ ಮಾಡಿ ಹಾಕಿದವಳಿಗೆ ಏನನ್ನುತ್ತಾರೋ ಅದನ್ನು ಹಾಕು’ ಎಂದರು. ತಂತ್ರಾಂಶದಲ್ಲಿ ನಮಗೆ ಬೇಕಾದ ಮಾತನ್ನು ನಾವೇ ಸೇರಿಸಬಹುದಾಗಿದೆ. ‘ಸಂಸಾರ’ ಎಂದು ಸೇರಿಸಿದೆ. ದಾಯಾದಿಯ ಮನಸ್ಸಿಗಾಗಿ ಸದ್ಯಕ್ಕೆ ಬೀಗದ ಗುರುತನ್ನೂ ಹಾಕಿದ್ದೇನೆ. ಅವನು ಮನೆಗೆ ಬರುವುದನ್ನು ಬಿಟ್ಟಿಲ್ಲ. ಬಂದಾಗ ಆ ಮಾತನ್ನು ಎತ್ತುವುದಿಲ್ಲ.

ಈವರೆಗೆ ಯಂತ್ರದಲ್ಲಿ ಸೇರಿರುವವರು ೩೪೨ ಮಂದಿ. ಹೊತ್ತಗೆಯಲ್ಲಿ ಬರಿಯ ಅಂಕಿಯಾಗಿದ್ದ ಹೆಣ್ಣುಗಳಲ್ಲಿ ೨೯ ಮಂದಿಗೆ ಅತ್ತೆಯವರಿಂದ ಹೆಸರು ದೊರೆತಿದೆ. ತಿಂಗಳಿಗೊಮ್ಮೆ ಜೆಡ್‌ಕಾಮ್ ಪ್ರತಿಯನ್ನು ತೆಗೆದು ಒಂದನ್ನು ಬೆಂಗಳೂರಿಗೂ ಒಂದನ್ನು ಅಮೆರಿಕಕ್ಕೂ ಕಳುಹಿಸುತ್ತೇನೆ. ವರುಷಕ್ಕೊಮ್ಮೆ ಒಳ್ಳೆಯ ಕಾಗದದಲ್ಲಿ ಮುದ್ರಿಸಿ ಅದೇ ಕೆಂಪು ವಸ್ತ್ರದಲ್ಲಿ ಸುತ್ತಿಡುವುದೆಂದು ಏರ್ಪಡಿಸಿದ್ದೇನೆ. ಹೋದ ವಾರ ಮುದ್ರಿಸಿದ ನಕ್ಷೆಯನ್ನು ಅತ್ತೆಯವರ ಮುಂದೆ ಹಾಸಿ ಒಂದೊಂದು ಚೌಕವನ್ನೂ ಓದಿ ಹೇಳಿದೆ. ಎಲ್ಲವನ್ನೂ ಕೇಳಿ, ತಮ್ಮ ತಾಯಿಯ ತಾಯಿಯು ಎಲ್ಲಿ ಎಂದರು. ಆಕೆಯು ಬೇರೆ ಮನೆತನದವಳೆಂದು ನಾನು ಹೇಳುವಷ್ಟರಲ್ಲಿ, ಹೆಂಗಸರೆಲ್ಲರೂ ಬೇರೆ ಮನೆತನದವರೇ ಅಲ್ಲವೇ ಎಂದು ಕೇಳಿ, ಹೂವಿನಹಡಗಲಿ ಕಡೆಯ ಆರು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳಿದರು. ಅವನ್ನು ಸೇರಿಸುವ ಕೆಲಸ ನಡೆದಿದೆ. ಬರುವ ತಿಂಗಳು ಹರಪನಹಳ್ಳಿ ಕಡೆಗೆ ಹೋಗುವವನಿದ್ದೇನೆ. ಆ ಶಿಕ್ಷಕಿಯು ತನ್ನ ಅಜ್ಜಿಯ ತವರಿನವರ ನಾಲ್ಕು ಹೆಸರುಗಳು ತನಗೆ ಗೊತ್ತಿವೆಯೆಂದೂ, ಒಂದು ಹಳೆಯ ಭಾವಚಿತ್ರವಿದೆಯೆಂದೂ ಬರೆದಿದ್ದಾಳೆ.